ಕರಾಟೆ ತರಗತಿಯೂ ಹೆತ್ತವರ ಹೊಣೆಯೂ

ಮಗಳನ್ನು ಕರಾಟೆಗೆ ಸೇರಿಸೋಣವೇ, ಮಗನಿಗೆ ಬಾಕ್ಸಿಂಗ್ ಕಲಿಸೋಣವೇ ಎಂಬ ಪ್ರಶ್ನೆ ಇಂದು ತುಮಕೂರಿನಂತಹ ನಗರಗಳಿಗೆ ಮಾತ್ರ ಸೀಮಿತವಾಗಿಲ್ಲ. ಮಾರ್ಕೋನಹಳ್ಳಿಯಂತಹ ಗ್ರಾಮಗಳ ಹೆತ್ತವರ ಮುಂದೆಯೂ ಅದು ನಿಂತಿದೆ. ಸರ್ಕಾರಿ ಶಾಲೆಗಳ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ, ರಾಜ್ಯದ ವಸತಿ ಶಾಲೆಗಳಲ್ಲಿ ಒನಕೆ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣೆಯ ತರಬೇತಿ ನೀಡುವ ಯೋಜನೆಗಳೂ ಬಂದಿವೆ.

ಒಂದು ಕೆನ್ನೆಗೆ ಹೊಡೆದವನಿಗೆ ಮತ್ತೊಂದನ್ನು ತೋರಲು ಬೋಧಿಸಿದ ಪ್ರಭುವಿನ ಅನುಯಾಯಿಗಳಾದ ನಾವು, ಮಕ್ಕಳಿಗೆ ಹೊಡೆಯುವುದನ್ನು ಕಲಿಸಬಹುದೇ ಎಂದು ಕೆಲವರು ಸಂದೇಹಪಡುತ್ತಾರೆ. ಸಂದೇಹ ಪ್ರಾಮಾಣಿಕವಾದುದು. ಆದರೆ ಧರ್ಮಸಭೆಯ ಬೋಧನೆ ಇಲ್ಲಿ ಸ್ಪಷ್ಟವಾಗಿದೆ. ತನ್ನ ಪ್ರಾಣವನ್ನು ರಕ್ಷಿಸಿಕೊಳ್ಳುವುದು ನ್ಯಾಯಸಮ್ಮತ. ಆದರೆ ಅಗತ್ಯಕ್ಕೆ ಮೀರಿದ ಬಲಪ್ರಯೋಗ ನ್ಯಾಯಸಮ್ಮತವಲ್ಲ ಎಂದು ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿಯೇ ವಿವೇಚಿಸಿದ್ದಾರೆ. ಸಂಜೆ ಬಸ್ಸಿಳಿದು ಒಬ್ಬಳೇ ಮನೆಗೆ ನಡೆಯುವ ಬಾಲಕಿ, ಹಿಡಿದ ಕೈಯಿಂದ ಬಿಡಿಸಿಕೊಳ್ಳುವುದನ್ನು ಕಲಿತರೆ ಅದು ಪಾಪವಲ್ಲ, ವಿವೇಕ. ಕೊರಿಂಥದವರಿಗೆ ಬರೆಯುವಾಗ ಸಂತ ಪೌಲರೂ ಮುಷ್ಟಿಯುದ್ಧದ ಉಪಮೆಯನ್ನು ಬಳಸಿದರು. ಆದರೆ ಅವರು ಅಂಕೆಯಲ್ಲಿಡಲು ಬಯಸಿದ್ದು ಎದುರಾಳಿಯನ್ನಲ್ಲ, ತಮ್ಮ ದೇಹವನ್ನೇ.

ಆದರೆ ಆತ್ಮರಕ್ಷಣೆ ಬೇರೆ, ಎದುರಾಳಿಯನ್ನು ಕೆಡವುವುದೇ ಗುರಿಯಾದ ಕಾದಾಟ ಬೇರೆ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್ ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದು ಕುಸಿದ ಮೈಸೂರಿನ ಯುವಕನೊಬ್ಬನು ಮತ್ತೆ ಎಚ್ಚರಗೊಳ್ಳಲಿಲ್ಲ. ಅವನ ಹೆತ್ತವರ ದುಃಖ ನಮಗೆಲ್ಲರಿಗೂ ಎಚ್ಚರಿಕೆಯಾಗಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2016ರ ವರದಿಯಲ್ಲಿ, ಮಕ್ಕಳಿಗೆ ಪರಸ್ಪರ ಪೆಟ್ಟಿಲ್ಲದ ಅಭ್ಯಾಸವೇ ಲೇಸೆಂದು ಹೇಳಿದೆ. ದೇಹಕ್ಕೆ ಗಂಭೀರ ಹಾನಿಯನ್ನು ತಂದೇ ತರುವ ಕ್ರೀಡೆಗಳಿಗೆ ನೈತಿಕ ಸಮರ್ಥನೆಯಿಲ್ಲವೆಂಬುದು, ಕ್ರೀಡೆಯನ್ನು ಕುರಿತು 2018ರಲ್ಲಿ ವ್ಯಾಟಿಕನ್ ಪ್ರಕಟಿಸಿದ ದಸ್ತಾವೇಜಿನ ನಿಲುವು.

ಬಲಕ್ಕೆ ಮಿತಿ ಇರಬೇಕೆಂಬ ಅರಿವು ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗವು ಎದುರಾಳಿಯ ತಲೆಯಲ್ಲಿ ರಕ್ತ ಕಾಣಿಸಿದೊಡನೆ ನಿಲ್ಲುತ್ತದೆ. ಶಿಂಷಾ ನದಿಗೆ ಕಟ್ಟಿದ ನಮ್ಮ ಮಾರ್ಕೋನಹಳ್ಳಿಯ ಜಲಾಶಯದಲ್ಲಿ ನೀರು ಗೊತ್ತಾದ ಮಟ್ಟವನ್ನು ಮೀರಿದರೆ ಸೈಫನ್‌ಗಳು ತಾವಾಗಿಯೇ ಅದನ್ನು ಹೊರಹಾಕುತ್ತವೆ. ಮಗುವಿನಲ್ಲಿ ಬೆಳೆಯುವ ಬಲಕ್ಕೂ ಅಂತಹದೊಂದು ಏರ್ಪಾಡು ಬೇಕು. ಹೊಡೆಯುವುದನ್ನು ಮಾತ್ರ ಕಲಿಸಿ, ಕೈ ತಡೆಯುವುದನ್ನು ಕಲಿಸದ ಗುರು ಅರ್ಧ ವಿದ್ಯೆಯನ್ನಷ್ಟೇ ಕಲಿಸಿದಂತಾಯಿತು.

ಆದುದರಿಂದ ಶುಲ್ಕ ಕಟ್ಟುವ ಮುನ್ನ ಹೆತ್ತವರು ತರಗತಿಗೆ ಹೋಗಿ ಒಂದು ಗಂಟೆ ಕುಳಿತು ನೋಡಲಿ. ತಲೆಗೆ ಹೊಡೆಯಲು ಬಿಡುತ್ತಾರೆಯೇ? ಪಂದ್ಯದ ಸ್ಥಳದಲ್ಲಿ ವೈದ್ಯರಿರುತ್ತಾರೆಯೇ? ಹೆಣ್ಣುಮಕ್ಕಳಿಗೆ ಶಿಕ್ಷಕಿಯರಿದ್ದಾರೆಯೇ? ಸೋತ ಮಗುವಿನೊಡನೆ ಗುರು ಹೇಗೆ ಮಾತನಾಡುತ್ತಾರೆ? ಭಾನುವಾರದ ಬಲಿಪೂಜೆಗೂ ಧರ್ಮೋಪದೇಶದ ತರಗತಿಗೂ ಬಿಡುವಿದೆಯೇ? ಎಲ್ಲಕ್ಕಿಂತ ಮಿಗಿಲಾಗಿ, ಇದು ಮಗುವಿನ ಇಚ್ಛೆಯೋ, ಪದಕದ ಮೇಲಣ ನಮ್ಮ ಆಸೆಯೋ?

ಇನ್ನೊಂದು ಮಾತನ್ನು ಹೇಳದೆ ವಿಧಿಯಿಲ್ಲ. ಹೆಣ್ಣುಮಕ್ಕಳಿಗೆ ತಮ್ಮನ್ನು ಕಾಪಾಡಿಕೊಳ್ಳುವುದನ್ನು ಕಲಿಸಲು ನಾವು ಹೊರಟಿದ್ದೇವೆ. ಅವರು ಯಾರಿಂದ ಕಾಪಾಡಿಕೊಳ್ಳಬೇಕಾಗಿದೆಯೋ ಆ ಗಂಡುಮಕ್ಕಳೂ ನಮ್ಮಂತಹ ಮನೆಗಳಲ್ಲಿಯೇ ಬೆಳೆಯುತ್ತಿದ್ದಾರೆ. ತಾಯಿಯ ಮೇಲೆ ತಂದೆ ಕೈಯೆತ್ತುವ ಮನೆಯಲ್ಲಿ ಮಗನು ಕಲಿಯುವ ಪಾಠವನ್ನು ಯಾವ ಕರಾಟೆ ಗುರುವೂ ಅಳಿಸಲಾರನು. ಕೈ ತಡೆಯುವ ಮೊದಲ ಪಾಠ ಮನೆಯಲ್ಲಿಯೇ ಆರಂಭವಾಗಲಿ.