ತೆಳ್ಳಗಿನ ಓಟಗಾರನ ತೂಕದ ಚಿಂತೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹುಡುಗರಿಗೆ ಓಟವೆಂದರೆ ಬಹುಪಾಲು ನೌಕರಿಯ ದಾರಿ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ ಪುರುಷರು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಜೊತೆಗೆ 168 ಸೆಂ.ಮೀ. ಎತ್ತರ, ಉಸಿರು ತುಂಬಿದಾಗ 86 ಸೆಂ.ಮೀ. ಎದೆ ಸುತ್ತಳತೆ, ಕನಿಷ್ಠ 5 ಸೆಂ.ಮೀ. ಹಿಗ್ಗುವ ಎದೆ ಬೇಕು. ಹುಟ್ಟಾ ತೆಳ್ಳಗಿರುವವನಿಗೆ ಓಟ ಸಲೀಸು, ಟೇಪಿನದೇ ಭಯ. ‘ಓಡಿ ಓಡಿ ಕಡ್ಡಿ ಆಗೀಯಲ್ಲೋ, ಸಾಕು ಬಿಡು’ ಎಂದು ಮನೆಯವರೂ ಗದರುತ್ತಾರೆ. ಓಟ ಬಿಡಬೇಕಾಗಿಲ್ಲ, ಊಟ ಮತ್ತು ಕಸರತ್ತು ಸರಿಹೋಗಬೇಕು.

ತೂಕದ ಯಂತ್ರ ಮೂಳೆ, ನೀರು, ಕೊಬ್ಬು, ಸ್ನಾಯುಗಳನ್ನು ಒಟ್ಟಾಗಿ ತೂಗುತ್ತದೆ. ಯಾವುದು ಎಷ್ಟಿದೆ ಎಂದು ಅದು ಹೇಳದು. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಯುಡ್ಕಿನ್ ತಮ್ಮದೇ ದೇಹಗಳ ಲೆಕ್ಕ ಕೊಟ್ಟರು. ಇಬ್ಬರ ಬಿಎಂಐ (ಎತ್ತರಕ್ಕೆ ತೂಕದ ಅನುಪಾತ ತೋರುವ ಸೂಚ್ಯಂಕ) ಒಂದೇ, 22.3. ಆದರೆ ಮ್ಯಾರಥಾನ್ ಓಡುವ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ನಮ್ಮವರಲ್ಲಿ ತೆಳ್ಳಗೆ ಕಂಡರೂ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರುವುದು ಅಪರೂಪವಲ್ಲ.

ಬರೀ ಓಟ ಕಾಲಿಗೆ ತಾಳಿಕೆ ಕೊಡುತ್ತದೆ. ಎದೆ, ಭುಜ, ಬೆನ್ನನ್ನು ಬೆಳೆಸುವುದಿಲ್ಲ. ಓಡಿದಷ್ಟು ಉಣ್ಣದಿದ್ದರೆ ದೇಹ ತನ್ನ ಸ್ನಾಯುವನ್ನೂ ಕರಗಿಸಿ ಶಕ್ತಿ ಪಡೆಯುತ್ತದೆ. ಕೊರತೆ ಮುಂದುವರಿದರೆ ಹಾರ್ಮೋನು ತಗ್ಗುತ್ತದೆ, ಮೂಳೆ ಸವೆಯುತ್ತದೆ, ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಮೂಳೆ ಗಟ್ಟಿಯಾಗುವ ಹದಿಹರೆಯದಲ್ಲೇ ಹೀಗಾದರೆ ನಷ್ಟ ದೊಡ್ಡದು.

ಓಟಗಾರನಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. 50 ಕೆ.ಜಿ.ಯವನಿಗೆ 60ರಿಂದ 80 ಗ್ರಾಂ. ಕಾಲು ಕೆ.ಜಿ. ಜೋಳದ ಹಿಟ್ಟಿನ ರೊಟ್ಟಿಯಲ್ಲಿ 25 ಗ್ರಾಂ, 60 ಗ್ರಾಂ ಬೇಳೆ-ಕಾಳಿನಲ್ಲಿ 13, ಹಿಡಿ ತುಂಬ (50 ಗ್ರಾಂ) ಶೇಂಗಾದಲ್ಲಿ 12, ಎರಡು ಮೊಟ್ಟೆಯಲ್ಲಿ 12, ಕಾಲು ಲೀಟರ್ ಹಾಲಿನಲ್ಲಿ 8: ಒಟ್ಟು 70. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಹೇರಳ; ಆದ್ದರಿಂದ ರೊಟ್ಟಿಗೆ ಕಾಳುಪಲ್ಯದ ಜೋಡಿ ಇರಲೇಬೇಕು. ಮೊಟ್ಟೆ ತಿನ್ನದವರು ಕಾಳು, ಮೊಸರು ಹೆಚ್ಚಿಸಲಿ. ರೊಟ್ಟಿ, ಅನ್ನಕ್ಕೆ ಮಾತ್ರ ಕೈ ಬಿಗಿ ಮಾಡಬಾರದು. ಹೊಟ್ಟೆ ತುಂಬದಿದ್ದರೆ ತಿಂದ ಪ್ರೋಟೀನೂ ಉರುವಲಾಗಿ ಹೋಗುತ್ತದೆ.

ವಾರಕ್ಕೆ ಎರಡು ದಿನ ದಂಡ, ಬಸ್ಕಿ, ಪುಲ್‌ಅಪ್, ಭಾರ ಎತ್ತುವುದು ಇರಲಿ. ಮಾಡುತ್ತ ಮಾಡುತ್ತ ಭಾರವನ್ನು ನಿಧಾನಕ್ಕೆ ಏರಿಸಬೇಕು. ಇದರಿಂದ ಓಟ ಕುಂದುತ್ತದೆಂಬುದು ತಪ್ಪು ತಿಳಿವಳಿಕೆ. ಅದೇ ವೇಗಕ್ಕೆ ಕಡಿಮೆ ಶಕ್ತಿ ಸಾಕಾಗುತ್ತದೆ. ಎದೆಗೂಡಿನ ಮೂಳೆ ಬದಲಾಗದು, ಅದರ ಮೇಲಿನ ಸ್ನಾಯು ಬೆಳೆಯುತ್ತದೆ. ಅದಕ್ಕೆ ತಿಂಗಳುಗಳೇ ಬೇಕು. ಅರ್ಜಿ ಕರೆದ ಮೇಲೆ ಗಡಿಬಿಡಿಯಲ್ಲಿ ಪುಡಿ, ಇಂಜೆಕ್ಷನ್ ಹುಡುಕುವುದು ಆರೋಗ್ಯಕ್ಕೇ ಕುತ್ತು.

168 ಸೆಂ.ಮೀ. ಎತ್ತರದವನ ತೂಕ 52 ಕೆ.ಜಿ.ಗಿಂತ ಕಡಿಮೆಯಿದ್ದರೆ ಬಿಎಂಐ 18.5ರ ಕೆಳಗೆ, ಅಂದರೆ ಕಡಿಮೆ ತೂಕದ ಸಾಲಿಗೆ ಬರುತ್ತದೆ. ಆದರೂ ತೂಕ ಅಲ್ಲೇ ನಿಂತು, ಓಟ ಚುರುಕಾಗಿ, ಹಸಿವು-ನಿದ್ದೆ ಚೆನ್ನಾಗಿದ್ದರೆ ಹೆದರಬೇಡಿ. ಕಾರಣವಿಲ್ಲದೆ ತೂಕ ಇಳಿದರೆ, ಸುಸ್ತು, ಬಿಡದ ಕೆಮ್ಮು, ಸಂಜೆ ಜ್ವರ ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತಹೀನತೆ, ಕ್ಷಯ, ಥೈರಾಯ್ಡ್ ತಪಾಸಣೆ ಮಾಡಿಸಿ. ಮಗ ಓಡುತ್ತಾನೆಂದರೆ ಅವನ ಓಟ ನಿಲ್ಲಿಸಬೇಡಿ, ತಟ್ಟೆಗೆ ಇನ್ನೊಂದು ಸೌಟು ಕಾಳು ಬಡಿಸಿ. ಮಗಳು ಓಡುತ್ತಿದ್ದರೆ ಅವಳಿಗೂ ಅಷ್ಟೇ.