ರಾಕು ಮಡಕೆಗೆ ಬಿಳಿ ಅಂಗಿ

"ರಾಕು ಅಂದ್ರೆ ಒರಟು ಮಣ್ಣು, ಅದಕ್ಯಾಕ್ರೀ ಪಿಂಗಾಣಿ ಮಣ್ಣಿನ ಲೇಪ?" ಅಂತ ಕ್ಲಾಸಿನ ಹಿರಿಯರೊಬ್ಬರು ಮೂಗು ಮುರಿದರು. ನಾನಂತೂ ಒಪ್ಪಲ್ಲ. 16ನೇ ಶತಮಾನದ ಕ್ಯೋಟೋದಲ್ಲಿ ಚೋಜಿರೋ ಮಾಡಿದ ಕಪ್ಪು ಬಟ್ಟಲಿಗೆ ಇದು ಬೇಡ, ನಿಜ. ಆದ್ರೆ ನಾವು ಮಾಡ್ತಿರೋದು ಕೆಂಪಗೆ ಕಾದ ಮಡಕೆಯನ್ನ ಮರದ ಹೊಟ್ಟಿಗೆ ಹಾಕಿ ಹೊಗೆ ಕುಡಿಸೋ, 1960ರ ದಶಕದ ಅಮೆರಿಕದ ರಾಕು! ಗ್ಲೇಜಿನ ಬಿರುಕಲ್ಲಿ ಕೂತ ಕಪ್ಪುಗೆರೆ ಎದ್ದು ಕಾಣೋದೇ ಬಿಳಿ ಮೈ ಮೇಲೆ.

ತಪ್ಪು ನಂದೂ ಇದೆ. ಪೂರ್ತಿ ಒಣಗಿದ ಮಡಕೆಗೆ ದಪ್ಪಗೆ ಬಳಿದೆ. ಮಡಕೆ ಆಗಲೇ ಕುಗ್ಗಿ ಮುಗಿದಿತ್ತು, ಲೇಪ ಆಮೇಲೆ ಕುಗ್ಗಿತು... ಮೂರೂ ಚಕ್ಕೆ ಎದ್ದುಹೋದವು. ನಾಲ್ಕನೆಯದಕ್ಕೆ ಅರೆಹಸಿ ಇರುವಾಗಲೇ, ತೆಳ್ಳಗೆ. ಸಾವಿರ ಡಿಗ್ರಿಗೆ ಪಿಂಗಾಣಿ ಗಟ್ಟಿಯಾಗಲ್ಲ (1280ರ ಹತ್ತಿರ ಬೇಕು), ಹಾಗಾಗಿ ಅದರಲ್ಲಿ ಟೀ ಕೊಡಲ್ಲ :-) ಷೋಕೇಸಲ್ಲಿದೆ, ಬಂದು ನೋಡಿ.