ತಕ್ದೀರ್ ಮತ್ತು ಹಳಿಯ ಮೇಲಿನ ಹೊಣೆಗಾರಿಕೆ

ಹೊಸಪೇಟೆಯಿಂದ ಹುಬ್ಬಳ್ಳಿ, ತಿನೈಘಾಟ್ ಮಾರ್ಗವಾಗಿ ವಾಸ್ಕೋದತ್ತ ಸಾಗುವ ರೈಲು ಹಾದಿಯನ್ನು ಜೋಡಿ ಹಳಿಯಾಗಿಸುವ ಕಾಮಗಾರಿ ವರ್ಷಗಟ್ಟಲೆ ನಡೆದುಬಂದಿದೆ. ಹಳಿಯ ಮೇಲೆ 25,000 ವೋಲ್ಟ್‌ಗಳ ವಿದ್ಯುತ್ ತಂತಿಯೂ ಬಂದಿದೆ. ಇದು ಸಂತೋಷದ ವಿಷಯವೇ. ಆದರೆ ಹಳಿ ಎರಡಾದಾಗ ಅಪಾಯವೂ ಎರಡಾಗುತ್ತದೆ. ಒಂದು ರೈಲಿಗೆ ದಾರಿಬಿಟ್ಟು ಪಕ್ಕದ ಹಳಿಗೆ ಸರಿದ ಕಾರ್ಮಿಕನಿಗೆ, ಆ ಸದ್ದಿನಲ್ಲಿ ಇನ್ನೊಂದು ರೈಲು ಬರುವುದು ಕೇಳಿಸದೆ ಹೋಗಬಹುದು.

ಇಂತಹ ಸಾವು ಸಂಭವಿಸಿದರೆ, ಚಿತ್ತವಾಡ್ಗಿಯಿರಲಿ ಬೇರೆ ಊರಿರಲಿ, ‘ತಕ್ದೀರ್’ ಎಂಬ ಒಂದೇ ಮಾತಿನಲ್ಲಿ ವಿಚಾರಣೆ ಮುಗಿದುಬಿಡುವುದುಂಟು. ವಿಧಿಯಲ್ಲಿ ನಂಬಿಕೆ ಈಮಾನಿನ ಭಾಗವೇ ಸರಿ. ಆದರೆ ಒಂಟೆಯನ್ನು ಕಟ್ಟಿ ಆನಂತರ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿ(ಸ) ಕಲಿಸಿದರು. ಪ್ಲೇಗ್ ಹರಡಿದ್ದ ಸಿರಿಯಾವನ್ನು ಪ್ರವೇಶಿಸದೆ ಖಲೀಫ ಉಮರ್(ರ) ಹಿಂತಿರುಗಿದರು. ಮುನ್ನೆಚ್ಚರಿಕೆಯೂ ವಿಧಿಯೊಳಗಿನದೇ ಎಂಬುದು ಅವರ ನಿಲುವಾಗಿತ್ತು.

ಹಳಿಯ ಮೇಲೆ ಒಂಟೆ ಕಟ್ಟುವುದೆಂದರೇನು? ರೈಲನ್ನು ಕಂಡೊಡನೆ ಸೀಟಿ ಊದುವ ಕಾವಲುಗಾರ, ಕೆಂಪು ಬಾವುಟ, ತಂತಿಯಿಂದ ಎರಡು ಮೀಟರಿನೊಳಗಿನ ಕೆಲಸಕ್ಕೆ ಮುನ್ನ ವಿದ್ಯುತ್ ಕಡಿತ, ಇವನ್ನೆಲ್ಲ ಸ್ಥಳದಲ್ಲೇ ನಿಂತು ಖಚಿತಪಡಿಸಿಕೊಳ್ಳುವ ಮೇಲ್ವಿಚಾರಕ. ಗುತ್ತಿಗೆಯು ಉಪಗುತ್ತಿಗೆಯಾದಂತೆ ಈ ಹೊಣೆ ಕೈಯಿಂದ ಕೈಗೆ ಜಾರುತ್ತದೆ. ಆದರೆ ಅಧೀನದವರ ಬಗ್ಗೆ ಪ್ರತಿಯೊಬ್ಬನೂ ಅಲ್ಲಾಹನ ಮುಂದೆ ಉತ್ತರಿಸಬೇಕಾಗಿದೆ. ಎಂಜಿನಿಯರಿಗೂ ನಮ್ಮವನೇ ಆದ ಮೇಸ್ತ್ರಿಗೂ ಇದರಿಂದ ವಿನಾಯಿತಿಯಿಲ್ಲ.

ಕೆಲಸಕ್ಕೆ ಹೊರಟ ಮಗನೊಡನೆ ಕೂಲಿ ಎಷ್ಟೆಂದು ಕೇಳುವ ನಾವು, ಕಾವಲಿಗೆ ಯಾರಿದ್ದಾರೆಂದೂ ಕೇಳೋಣ. ಕಾವಲಿಲ್ಲದ ಹಳಿಗೆ ಇಳಿಯಲಾರೆ ಎನ್ನುವವನ ಬೆನ್ನಿಗೆ ಜಮಾಅತ್ ನಿಲ್ಲಲಿ. ಅವನು ಕಳೆದುಕೊಂಡ ಕೂಲಿಯನ್ನು ಬೈತುಲ್ ಮಾಲ್ ತುಂಬಿಕೊಡಲಿ.